ಅತ್ತೆ ಕುಡಿದ ಒಂದು ಗುಟುಕು ಪೇರಲ ಬಿಯರ್

ಕಳೆದ ಭಾನುವಾರ ಬೆಳಗ್ಗೆ ಹನ್ನೊಂದೂವರೆಗೆ ನನ್ನ ಅತ್ತೆ ಬಿಯರ್ ಕುಡಿದರು.

ಹೌದು, ಅದೇ ಅತ್ತೆ. ಈ ಅಂಕಣ ಓದುವವರಿಗೆ ಅವರ ಪರಿಚಯ ಚೆನ್ನಾಗಿಯೇ ಇದೆ. ಎಪ್ಪತ್ತೆರಡು ವರ್ಷ. ಸೋಮವಾರ ಒಪ್ಪತ್ತು. ಕೆಮ್ಮಿನ ಸಿರಪ್ ಬಾಟಲಿಯ ಮೇಲೆ ಆಲ್ಕೋಹಾಲ್ ಅಂತ ಬರೆದಿದೆ ಎಂದು ಮೊಮ್ಮಗಳು ಓದಿ ಹೇಳಿದ ದಿನ, ತುಂಬಿದ ಬಾಟಲಿಯನ್ನು ಸಿಂಕಿಗೆ ಸುರಿದು ಶುಂಠಿ ಜಜ್ಜಿಕೊಂಡು ಕೂತವರು.

ಕುಡಿದರು ಎಂದರೆ ಒಂದೇ ಗುಟುಕು. ಆದರೆ ಯಾರೂ ಮೋಸದಿಂದ ಕುಡಿಸಲಿಲ್ಲ. ಜ್ಯೂಸ್ ಎಂದು ತಪ್ಪು ತಿಳಿದೂ ಕುಡಿಯಲಿಲ್ಲ. ತಾವೇ ಕೈ ಚಾಚಿ, ಕೇಳಿ, ಇಸಿದುಕೊಂಡು ಕುಡಿದರು. ಅವರ ಮಗ, ಅಂದರೆ ನನ್ನ ಗಂಡ, ಎರಡು ಅಡಿ ದೂರದಲ್ಲಿ ನಿಂತು ನೋಡುತ್ತಿದ್ದರು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಫ್ಲ್ಯಾಟುಗಳ ಸೊಸೈಟಿ ಇರುವುದು ಮರಾಠಿ ಸೀಮೆಯ ಹಡಪಸರದಲ್ಲಿ. ಮಗರಪಟ್ಟಾದಿಂದ ಒಂದು ಸಿಗ್ನಲ್ ಆಚೆ. ಗೇಟಿನ ಎದುರಿಗೆ ಮೊದಲು ಟೈಲ್ಸ್ ಅಂಗಡಿ ಇತ್ತು. ಈಗ ಅಲ್ಲಿ ಬ್ರೂಪಬ್ ಬಂದಿದೆ. ಬಿಯರನ್ನು ಅಲ್ಲಿಯೇ ತಯಾರಿಸಿ, ಅಲ್ಲಿಯೇ ಕುಡಿಸುವ ಜಾಗ. ಹಣ್ಣು, ತರಕಾರಿಯ ಬಿಯರ್ ಇವರ ಸ್ಪೆಷಾಲಿಟಿಯಂತೆ. ಬೀಟ್‌ರೂಟ್, ಸೌತೆಕಾಯಿ, ಪೇರಲ. (ನಾವು ಪಚಡಿಗೆ ಹೆಚ್ಚುವುದನ್ನೆಲ್ಲ ಇವರು ಟ್ಯಾಂಕಿಗೆ ಹಾಕುತ್ತಾರೆ.)

ನನ್ನ ಗಂಡ ಮಲ್ಲಿಕಾರ್ಜುನ ಸೊಸೈಟಿಯ ಸೆಕ್ರೆಟರಿ. ವೃತ್ತಿಯಿಂದ ಕಾರ್ಖಾನೆಯೊಂದರಲ್ಲಿ ಪರ್ಚೇಸ್ ಮ್ಯಾನೇಜರ್. ಶಾಂತ ಮನುಷ್ಯ. ನೀರು ಬಾರದಿದ್ದರೂ, ಲಿಫ್ಟ್ ಕೆಟ್ಟರೂ, ನಾನು ಸಾರಿಗೆ ಉಪ್ಪು ಮರೆತರೂ ದನಿ ಏರುವುದಿಲ್ಲ. ಕುಡಿದವರನ್ನು ಕಂಡರೆ ಮಾತ್ರ ಮನುಷ್ಯ ಬೇರೆಯೇ ಆಗುತ್ತಾರೆ.

ಕಾರಣ ಮದುವೆಗೆ ಮುಂಚೆಯೇ ಹೇಳಿದ್ದರು. ಅವರ ಅಪ್ಪ ಕುಡಿದು ಕುಡಿದೇ ಹೋದರು. ಇವರಿಗೆ ಆಗ ಹನ್ನೆರಡು ವರ್ಷ. ಅಪ್ಪನ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಇನ್ನೊಬ್ಬರ ಮೇಲೆ.

"ನಮ್ಮಪ್ಪಂದು ತಪ್ಪಿಲ್ಲ. ಅವನ ಬಾಯಿಗೆ ಮೊದಲ ಹಚ್ಚಿದವರು ಯಾರೋ ಇದ್ದಾರಲ್ಲ, ಅವರು ಒಮ್ಮೆ ನನ್ನ ಕೈಗೆ ಸಿಗಬೇಕು."

ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಅತ್ತೆಯೂ ಕೇಳಿದ್ದಾರೆ. ಕೇಳಿ, ಏನೋ ಕೆಲಸ ನೆನಪಾದವರಂತೆ ಒಳಗೆ ಹೋಗುತ್ತಿದ್ದರು. ಗಂಡನ ನೆನಪಿಗೆ ಸಂಕಟ ಆಗುತ್ತದೆ, ಪಾಪ ಎಂದುಕೊಳ್ಳುತ್ತಿದ್ದೆ.

ಇಂಥ ಸೆಕ್ರೆಟರಿಯ ಗೇಟಿನ ಎದುರು ಬ್ರೂಪಬ್ ಬಂದರೆ ಸುಮ್ಮನಿರುತ್ತಾರೆಯೇ? ದೂರಿನ ಪತ್ರ ತಯಾರಾಯಿತು. ಎರಡೂವರೆ ಪುಟ. ಆದರೆ ಸೊಸೈಟಿಯ ಚೇರ್‌ಮನ್ ಜೋಶಿಕಾಕಾ ಸಹಿ ಹಾಕಲಿಲ್ಲ. "ಆಧೀ ಬಘೂ, ಮಗ ಭಾಂಡೂ" ಎಂದರು. ಮೊದಲು ನೋಡೋಣ, ಆಮೇಲೆ ಜಗಳ ಆಡೋಣ. ಅದೇ ಹೊತ್ತಿಗೆ ಬ್ರೂಪಬ್‌ನವರೂ ಕರೆದರು. ಭಾನುವಾರ ಬಾಗಿಲು ತೆರೆಯುವ ಮುಂಚೆ ಬನ್ನಿ, ಎಲ್ಲ ತೋರಿಸುತ್ತೇವೆ, ಬೇಕಾದರೆ ರುಚಿಯೂ ನೋಡಿ ಎಂದು.

ಹೀಗೆ ಜೋಶಿಕಾಕಾ, ನನ್ನ ಗಂಡ, ನಾನು. (ನಾನ್ಯಾಕೆ? ಅಂಕಣಕ್ಕೆ ವಿಷಯ ಸಿಗಬಹುದೆಂಬ ದುರಾಸೆ.) ಅಲ್ಲಿಂದ ನೇರ ಮಗರಪಟ್ಟಾದಲ್ಲಿ ಸಂಬಂಧಿಕರ ಮಗುವಿಗೆ ಹೆಸರಿಡುವ ಕಾರ್ಯಕ್ರಮಕ್ಕೆ ಹೋಗುವುದಿತ್ತು. ಆದ್ದರಿಂದ ಇಳಕಲ್ ಸೀರೆ ಉಟ್ಟ ಅತ್ತೆಯೂ ಕಾರಿನಲ್ಲಿದ್ದರು. ಬಿಸಿಲು ಜೋರಿತ್ತು. ಕಾರಿನಲ್ಲಿ ಕೂರಿಸುವುದು ಬೇಡವೆಂದು ಒಳಗೇ ಕರೆದುಕೊಂಡು ಹೋದೆವು. ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿ ಕೂರಿಸಿದೆವು.

ಬಿಯರ್ ತಯಾರಿಸುವವರು ಎಂದರೆ ಮೀಸೆ ಹೊತ್ತ ಗಂಡಸು ಬರುತ್ತಾನೆ ಅಂದುಕೊಂಡಿದ್ದೆ. ಬಂದವಳು ಋತುಜಾ. ಇಪ್ಪತ್ತೆಂಟು ವರ್ಷದ, ಕನ್ನಡಕದ, ಗಂಬೂಟು ಹಾಕಿದ ಹುಡುಗಿ. ಶಿರೂರಿನವಳು. ಬಯೋಟೆಕ್ ಓದಿದ್ದಾಳೆ. ಸಾಲಾಗಿ ನಿಂತ ಸ್ಟೀಲ್ ಟ್ಯಾಂಕುಗಳನ್ನು ಹೊಸ ಮನೆ ತೋರಿಸುವವರ ಉತ್ಸಾಹದಲ್ಲಿ ತೋರಿಸಿದಳು. ನನ್ನ ಗಂಡ ಗೋಡೆಗೆ ತೂಗುಹಾಕಿದ ಲೈಸೆನ್ಸನ್ನು ಎರಡು ಸಲ ಓದಿದರು. ತಪ್ಪು ಸಿಗಲಿಲ್ಲ.

ಆಮೇಲೆ ರುಚಿ ನೋಡುವುದು. ಔಷಧಿ ಕುಡಿಯುವ ಅಳತೆಯ ಪುಟ್ಟ ಗ್ಲಾಸುಗಳು. ಗಂಡ ಕೈ ಕಟ್ಟಿಕೊಂಡು ಪಕ್ಕಕ್ಕೆ ನಿಂತರು. ನಾನು ಬೀಟ್‌ರೂಟ್ ತಗೊಂಡೆ.

ಬಣ್ಣ ನೋಡಿದರೆ ಆರತಿಯ ಕುಂಕುಮದ ನೀರು. ಬಾಯಿಗೆ ಹಾಕಿದರೆ ಮಣ್ಣು. ಹೊಸ ಗಡಿಗೆಯ ನೀರಿನ ತಂಪು ಮಣ್ಣಲ್ಲ, ಸಂತೆಯಿಂದ ತಂದು ತೊಳೆಯದೆ ಕಚ್ಚಿದ ಗಡ್ಡೆಯ ಮಣ್ಣು. ಹಿಂದೆಯೇ ಕಹಿ. ಎಲ್ಲ ಮುಗಿಯಿತು ಎನ್ನುವಾಗ ಗಂಟಲ ಹತ್ತಿರ ಎಲ್ಲಿಂದಲೋ ಒಂದಿಷ್ಟು ಸಿಹಿ. ಇದನ್ನು ಜನ ಇಷ್ಟಪಟ್ಟು ಕುಡಿಯುತ್ತಾರೆಯೇ? ಜೋಶಿಕಾಕಾ ಆಗಲೇ ಎರಡನೇ ಗ್ಲಾಸಿಗೆ ಕೈ ಹಾಕಿದ್ದರು. ಸೌತೆಕಾಯಿಯದು ಕುಡಿದೆ. ಬ್ಯೂಟಿ ಪಾರ್ಲರಿನಲ್ಲಿ ಕಣ್ಣಿನ ಮೇಲೆ ಇಟ್ಟಿದ್ದನ್ನು ಬಾಯಿಗೆ ಇಟ್ಟ ಹಾಗಿತ್ತು. (ನನ್ನ ಪೂರ್ವಾನುಭವ ಏನು ಎಂದಿರಾ? ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಟೆರೇಸಿನ ಮೇಲೆ ಅರ್ಧ ಗ್ಲಾಸು. ಗಂಡನಿಗೆ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ.)

ಮೂರನೆಯದು ಪೇರಲ. ಅದನ್ನು ಕೊಡಲು ಋತುಜಾ ಹಿಂಜರಿದಳು. ಈ ಸಲದ ಬ್ಯಾಚು ಎಲ್ಲೋ ತಪ್ಪಿದೆ, ಎಲ್ಲಿ ಅಂತ ಹಿಡಿಯಲು ಆಗುತ್ತಿಲ್ಲ ಎಂದಳು. ಆದರೂ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿದಳು.

ವಾಸನೆ ಬಂತು. ಬುಟ್ಟಿಯ ತಳದಲ್ಲಿ ಮೆತ್ತಗಾಗಿ ಮರೆತುಹೋದ ಪೇರಲ ಹಣ್ಣಿನ ಭಾರವಾದ ವಾಸನೆ.

ಬಾಗಿಲ ಹತ್ತಿರ ಕೂತಿದ್ದ ಅತ್ತೆ ಎದ್ದು ನಿಂತರು. ಮೊಣಕಾಲು ನೋವಿನ ಹೆಂಗಸು, ಎಬ್ಬಿಸಲು ಯಾರಾದರೂ ಕೈ ಕೊಡಬೇಕು. ಅವತ್ತು ಯಾರ ಕೈಯೂ ಬೇಕಾಗಲಿಲ್ಲ. ನಡೆದು ಬಂದು ಋತುಜಾಳ ಮುಂದೆ ಕೈ ಚಾಚಿದರು.

"ಮಲಾ ದೇ, ಥೋಡಂ" ಎಂದರು. ನನಗೆ ಕೊಡು, ಸ್ವಲ್ಪ.

"ಅವ್ವ, ಅದು ಬಿಯರ್ ಅದ" ಎಂದರು ನನ್ನ ಗಂಡ.

"ಗೊತ್ತದ."

ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರು. ಕಣ್ಣು ಮುಚ್ಚಿದರು. ಒಂದು ಹನಿ ನಾಲಿಗೆಯ ತುದಿಗೆ ಮುಟ್ಟಿಸಿದರು. ತಡೆದರು. ಆಮೇಲೆ ಒಂದು ದೊಡ್ಡ ಗುಟುಕು. ಗಂಟಲು ಏರಿ ಇಳಿದಿದ್ದು ನನಗೆ ಕಾಣಿಸಿತು.

ಕಣ್ಣು ತೆರೆದು ಆ ಹುಡುಗಿಗೆ ಮರಾಠಿಯಲ್ಲಿ ಹೇಳಿದರು. ಹಣ್ಣನ್ನು ಕುದಿಯುವುದರಲ್ಲಿ ಹಾಕಿದ್ದೀಯ. ಬೀಜದ ಸಮೇತ ಹಾಕಿದ್ದೀಯ. ಬೀಜ ಕುದ್ದು ಒಗರು ಬಿಟ್ಟಿದೆ. ಪೂರ್ತಿ ಆರಿದ ಮೇಲೆ, ಹುದುಗಿನ ಉಕ್ಕು ಇಳಿದ ಮೇಲೆ ಹಾಕಬೇಕಿತ್ತು.

ಋತುಜಾಳ ಮುಖ ನೀವು ನೋಡಬೇಕಿತ್ತು. ಪ್ರತಿಸಲ ಸೋಸಿದ ತಿರುಳನ್ನು ಕೊನೆಯಲ್ಲಿ ಹಾಕುತ್ತಿದ್ದಳಂತೆ. ಈ ಸಲ ಕೆಲಸ ಬೇಗ ಆಗಲಿ ಎಂದು ಹಣ್ಣು ರುಬ್ಬಿ ಕುದಿಯುವಾಗಲೇ ಸುರಿದಿದ್ದಳಂತೆ. "ಆಜಿ, ತುಮ್ಹಾಲಾ ಕಸಂ ಕಳಲಂ?" ಎಂದಳು. ಅಜ್ಜಿ, ನಿಮಗೆ ಹೇಗೆ ಗೊತ್ತಾಯಿತು?

ಅತ್ತೆ ಮಗನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನಾ ಮಾಡೀನಿ. ಎರಡ ವರ್ಷ ಮಾಡೀನಿ."

ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದುದು ಮೂವರಿಗೆ. ಜೋಶಿಕಾಕಾ ಕುತೂಹಲದಿಂದ ಕೇಳಿದರು, ಆಜಿ ಏನಂದರು? ನನ್ನ ಗಂಡ ಹೇಳಿದರು, ಸೆಕೆ ಆಗ್ತಿದೆಯಂತೆ, ಹೊರಡ್ತೀವಿ.

ನಾನು ಗ್ಲಾಸನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ.

ಕಾರಿನಲ್ಲಿ ಕೂತೆವು. ಗಂಡ ಎಂಜಿನ್ ಶುರು ಮಾಡಿ, ಎ.ಸಿ. ಹಾಕಿ, ಸ್ಟೇರಿಂಗ್ ಹಿಡಿದು ಕೂತರು. ಕಾರು ಅಲ್ಲಾಡಲಿಲ್ಲ. ಹಿಂದೆ ತಿರುಗದೆ ಕೇಳಿದರು.

"ಏನ್ ಮಾಡೀದಿ ಅವ್ವ?"

"ಭಟ್ಟಿ. ಮನಿ ಹಿಂದ."

ಮುಂದಿನ ಅರ್ಧ ಗಂಟೆ ಅತ್ತೆ ಹೇಳಿದ್ದನ್ನು ಅವರು ಹೇಳಿದ ಕ್ರಮದಲ್ಲೇ ಹೇಳುತ್ತೇನೆ. ದನಿ ಏರಲಿಲ್ಲ, ಇಳಿಯಲಿಲ್ಲ. ಜೋಳದ ಹಿಟ್ಟು ಬೀಸಿಸಿಕೊಂಡು ಬಾ ಅಂತ ಹೇಳುವಾಗ ಇರುತ್ತದಲ್ಲ, ಅದೇ ದನಿ.

ಯಾದಗಿರಿ ಕಡೆಯಿಂದ ಕೂಲಿಗೆಂದು ಬಂದ ಹೊಸತು. ಶಿರೂರಿನ ರಸ್ತೆಯಲ್ಲಿ ಎಲ್ಲೋ ಕಟ್ಟಡದ ಕೆಲಸ. ಅಲ್ಲೇ ತಗಡಿನ ಶೆಡ್ಡಿನಲ್ಲಿ ಸಂಸಾರ. ಮಗ ಮಲ್ಲುಗೆ ಐದು ವರ್ಷ. ಮಾವ ಸೆಂಟ್ರಿಂಗ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಗುತ್ತೇದಾರ ಮರುದಿನವೇ ಅವರ ಜಾಗಕ್ಕೆ ಇನ್ನೊಬ್ಬನನ್ನು ತಂದ. ಇಟ್ಟಿಗೆ ಹೊರುವ ಒಬ್ಬ ಹೆಂಗಸಿನ ದುಡಿಮೆಯಲ್ಲಿ ಮೂವರು ಉಣ್ಣಬೇಕಾಯಿತು. ಪಕ್ಕದ ಶೆಡ್ಡಿನ ಮುದುಕಿಯೊಬ್ಬಳು ದಾರಿ ತೋರಿಸಿದಳು. ಸಂತೆ ಎದ್ದ ಮೇಲೆ ಬಿಸಾಡಿ ಹೋದ ಪೇರಲ ಹಣ್ಣು, ಕಪ್ಪು ಬೆಲ್ಲ, ಜಾಲಿ ತೊಗಟೆ. ಶೆಡ್ಡಿನ ಹಿಂದೆ ನೆಲದಲ್ಲಿ ಹೂತ ಗಡಿಗೆ. ಅದರಲ್ಲಿ ಕೊಳೆತು ಹುದುಗಿದ್ದನ್ನು ಕಾಯಿಸಿ ಭಟ್ಟಿ ಇಳಿಸುವುದು. ಕೊಳ್ಳುವವರು ಅಲ್ಲಿಯ ಕೂಲಿಯವರೇ.

"ಹುದುಗು ಬಂದದೋ ಇಲ್ಲೋ ಅಂತ ನಾಲಿಗಿ ಮ್ಯಾಲ ಒಂದ ಹನಿ ಇಟ್ಟ ನೋಡ್ತಿದ್ದೆ. ಉಗುಳಿ ಬಾಯಿ ತೊಳಕೋತಿದ್ದೆ. ಎರಡ ವರ್ಷದಾಗ ಒಂದ ಸಲಾನೂ ನುಂಗಿಲ್ಲ."

"ಈಗ ನುಂಗೀದಿ" ಎಂದರು ಗಂಡ.

"ಹೂಂ. ಆ ವಾಸನಿ ಬಂತು. ಈ ವಯಸ್ಸಿನ್ಯಾಗರೆ ಒಮ್ಮೆ ನೋಡಬೇಕನಿಸ್ತು, ನಿಮ್ಮಪ್ಪ ನುಂಗಿದ್ದು ಏನು ಅಂತ."

ಆಮೇಲೆ ಹೇಳಿದರು. ಇಷ್ಟು ಹೊತ್ತು ಹೇಳುತ್ತ ಬಂದಿದ್ದು ಇದಕ್ಕಾಗಿಯೇ ಇರಬೇಕು.

"ನಿಮ್ಮಪ್ಪಗ ಮೊದಲ ಹಚ್ಚಿದವರು ಯಾರು, ಯಾರು ಅಂತ ಕೇಳ್ತಿದ್ದಿ ಅಲ್ಲ ಮಲ್ಲು. ನಾನೇ. ಕಾಲಿಗಿ ಪ್ಲಾಸ್ಟರ್ ಹಾಕಿದ್ರು. ನೋವು ತಡೀಲಾರದ ಅಳ್ತಿದ್ದ. ಗಂಡಸು ಅಳೋದು ನಾ ನೋಡಿದ್ದಿಲ್ಲ. ಗುಳಿಗಿ ಮುಗದಿದ್ವು. ಮನ್ಯಾಗ ಇದ್ದದ್ದು ಅದೇ. ಅರ್ಧ ಗ್ಲಾಸ್ ಕೊಟ್ಟೆ, ನಿದ್ದಿ ಮಾಡ್ಲಿ ಅಂತ. ನನ್ನ ಕೈಯಾರೆ ಕೊಟ್ಟೆ. ಮರುದಿನಾ ಅವನೇ ಕೇಳ್ದ. ಕಾಲು ನೆಟ್ಟಗಾತು. ಬಾಯಿ ನೆಟ್ಟಗಾಗಲಿಲ್ಲ."

ಕೊನೆಗೆ ಗಡಿಗೆ ಒಡೆದು ಹಾಕಿದರಂತೆ. ಅಷ್ಟರಲ್ಲಿ ಮಾವ ಬೇರೆ ಕಡೆ ಹೋಗಿ ಕುಡಿಯುವುದನ್ನು ಕಲಿತಾಗಿತ್ತು.

ಗಂಡ ಕಾರಿನಿಂದ ಇಳಿದರು. ನಾನು ಇಳಿಯಲು ಹೋದೆ, ಬೇಡ ಎಂದು ಕೈ ಮಾಡಿದರು. ರಸ್ತೆ ದಾಟಿ, ಗೇಟಿನಲ್ಲಿ ವಾಚ್‌ಮನ್ ಹೊಡೆದ ಸಲ್ಯೂಟಿಗೂ ತಲೆ ಎತ್ತದೆ ಮನೆ ಕಡೆ ನಡೆದರು.

ಈಗ ನಾವಿಬ್ಬರೂ ಏನು ಮಾಡಬೇಕು? ಅತ್ತೆ ಹೇಳಿದರು, "ನಡಿ ಸುಮಾ, ಕೂಸಿಗಿ ಹೆಸರಿಡೋ ಹೊತ್ತಾತು."

ಹೋದೆವು. ನಾನೇ ಕಾರು ನಡೆಸಿದೆ. ಎರಡು ಸಲ ಗೇರ್ ತಪ್ಪಿಸಿದೆ. ಅಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಅತ್ತೆ ಪ್ರತಿಸಲದಂತೆ ತೊಟ್ಟಿಲ ಹಗ್ಗ ಹಿಡಿದು ಜೋಗುಳ ಹಾಡಿದರು. ಒಂದು ಸಾಲೂ ಮರೆಯಲಿಲ್ಲ. ನಿಜ ಹೇಳಬೇಕೆಂದರೆ ಬಿಯರಿಗಿಂತ, ಭಟ್ಟಿಗಿಂತ ನನಗೆ ಹೆಚ್ಚು ಆಘಾತವಾಗಿದ್ದು ಆ ಜೋಗುಳದಿಂದ. ಇಷ್ಟನ್ನು ಒಳಗೆ ಇಟ್ಟುಕೊಂಡು ಒಬ್ಬರಿಗೆ ಇಷ್ಟು ನೆಟ್ಟಗೆ ಹಾಡಲು ಬರುತ್ತದೆಯೇ? ಹಾಗಾದರೆ ನಮ್ಮ ಮನೆಯ ಪ್ರತಿ ಹಬ್ಬದಲ್ಲೂ ಹಾಡಿದಾಗ ಇದು ಒಳಗೆ ಇತ್ತೇ?

ಸೋಮವಾರ, ಮಂಗಳವಾರ, ಬುಧವಾರ. ಗಂಡ ಉಂಡರು, ಆಫೀಸಿಗೆ ಹೋದರು, ಬಂದರು. ಅವ್ವ ಎಂಬ ಶಬ್ದ ಅವರ ಬಾಯಿಂದ ಬರಲಿಲ್ಲ. ಅತ್ತೆ ಕ್ಷಮೆ ಕೇಳಲಿಲ್ಲ. ಅಳಲೂ ಇಲ್ಲ. ಮಗನ ಊಟದ ಹೊತ್ತಿಗೆ ಮಾತ್ರ ತಮ್ಮ ಕೋಣೆಗೆ ಹೋಗಿ ಕೂರುತ್ತಿದ್ದರು. ಬಿಸಿ ರೊಟ್ಟಿ ಬಡಿದು ಇಟ್ಟೇ ಹೋಗುತ್ತಿದ್ದರು ಅನ್ನಿ.

ನಾನು ಇಬ್ಬರ ಮೇಲೂ ಸಿಟ್ಟು ಮಾಡಿಕೊಂಡೆ. ಆಮೇಲೆ ನನ್ನ ಮೇಲೆಯೇ ಸಿಟ್ಟು ಬಂತು.

ಇಪ್ಪತ್ತಾರು ವರ್ಷ ಒಂದೇ ಅಡಿಗೆಮನೆ. ಈ ಹೆಂಗಸಿನ ಬಗ್ಗೆ ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಅವರ ಬಿ.ಪಿ. ಮಾತ್ರೆಯ ಹೆಸರು ಗೊತ್ತು. ಚಹಕ್ಕೆ ಎಷ್ಟು ಸಕ್ಕರೆ ಗೊತ್ತು. ಯಾವ ಕಿವಿ ಕೇಳಿಸುವುದಿಲ್ಲ ಗೊತ್ತು. ಯಾರಾದರೂ ಬಂದಾಗ ಹೆಮ್ಮೆಯಿಂದ ಹೇಳುತ್ತಿದ್ದೆ, "ನಮ್ಮ ಅತ್ತಿ ಭಾಳ ಕಷ್ಟಪಟ್ಟು ಮಗನ್ನ ಓದಿಸ್ಯಾರ್ರಿ." ಕಷ್ಟ. ಎಷ್ಟು ಸಲೀಸಾದ ಶಬ್ದ. ಹೇಳುವವರಿಗೂ ಅನುಕೂಲ, ಕೇಳುವವರಿಗೂ ಅನುಕೂಲ. ಕಷ್ಟ ಎಂದರೆ ಏನು, ಯಾವ ಊರಿನಲ್ಲಿ, ಯಾವ ಗಡಿಗೆಯಲ್ಲಿ ಎಂದು ನಾನು ಒಂದು ದಿನವೂ ವಿಚಾರಿಸಲಿಲ್ಲ.

ಇನ್ನೊಂದು ಮಾತು ತಲೆಯಿಂದ ಹೋಗಲೇ ಇಲ್ಲ. ಅದೇ ಪೇರಲ. ಅದೇ ಹುದುಗು. ಸ್ಟೀಲ್ ಟ್ಯಾಂಕಿನಲ್ಲಿ ಮಾಡಿದರೆ ಕ್ರಾಫ್ಟ್, ಕುಶಲಕಲೆ, ರುಚಿ ನೋಡಲು ಚೇರ್‌ಮನ್ನರನ್ನು ಕರೆಯುತ್ತಾರೆ. ನೆಲದಲ್ಲಿ ಹೂತು ಮಾಡಿದರೆ ನಲವತ್ತೈದು ವರ್ಷ ಮಗನಿಗೂ ಹೇಳುವ ಹಾಗಿಲ್ಲ. ಇದನ್ನು ಅತ್ತೆಯ ಮುಂದೆ ಹೇಳಿ, ಅವರ ಪರವಾಗಿ ಮಾತಾಡಿದ ಸಮಾಧಾನ ಪಡೆಯಲು ನೋಡಿದೆ.

ಅವರು ಒಪ್ಪಲಿಲ್ಲ. "ಆ ಹುಡುಗಿ ಕುಡಿಸಿದ್ದು ಕುಡಿದವರು ಮನಿಗಿ ಹೋಗಿ ಮಕ್ಕಳ ಜೋಡಿ ಉಣ್ತಾರ. ನಾ ಕುಡಿಸಿದ ಮಂದಿ ಮನ್ಯಾಗ ಮಕ್ಕಳು ಉಪಾಸ ಮಲಗ್ತಿದ್ವು. ನನಗ ಅವರ ಹೆಸರು ಗೊತ್ತವ. ಎರಡೂ ಒಂದೇ ಹ್ಯಾಂಗಾತು?"

ನಾನು ಎದ್ದು ಚಹಕ್ಕೆ ನೀರಿಟ್ಟೆ.

ಗುರುವಾರ ಗಂಡ ಆಫೀಸಿನಿಂದ ಬೇಗ ಬಂದರು. ಅತ್ತೆ ಬಾಲ್ಕನಿಯಲ್ಲಿ ಪೇಪರು ಹಾಸಿಕೊಂಡು ಮೆಂತ್ಯ ಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದರು. ಇವರು ಶೂ ಬಿಚ್ಚಿ, ಹೋಗಿ ಎದುರಿಗೆ ನೆಲದ ಮೇಲೆ ಕೂತರು. ನಾನು ಅಡಿಗೆಮನೆಯಲ್ಲೇ ನಿಂತೆ. (ಕದ್ದು ಕೇಳಿದೆ. ಇನ್ನೇನು ಮಾಡಲಿ?)

"ಗಡಗಿ ಎಲ್ಲಿ ಹುಗದಿದ್ದಿ?"

"ಬೇವಿನ ಗಿಡದ ಬುಡಕ. ಮ್ಯಾಲ ಹಳೇ ಬಾಗಲಾ ಮುಚ್ಚಿದ್ದೆ."

"ಒಳಗ ಗುಳುಗುಳು ಅಂತಿತ್ತು?"

"ಅಂತಿತ್ತು. ಆ ಸಪ್ಪಳ ನಿಂತರ ತಯಾರಾತು ಅಂತ ತಿಳಕೋಬೇಕು."

ಆಮೇಲೆ ಗಂಡನ ದನಿ.

"ಅದರಾಗ ಕಪ್ಪಿ ಅದ ಅಂತ ಹೇಳಿದ್ದಿ ನನಗ."

"ಹೂಂ. ಇಲ್ಲಂದ್ರ ನೀ ಬಾಗಲಾ ಸರಸಿ ನೋಡ್ತಿದ್ದಿ."

"ಮಧ್ಯಾಹ್ನ ನೀ ಕೆಲಸಕ್ಕ ಹೋದ ಮ್ಯಾಲ ನಾ ಅಲ್ಲೇ ಕೂಡ್ತಿದ್ದೆ ಅವ್ವ. ಬಾಗಲಕ್ಕ ಕಿವಿ ಹಚ್ಚಿ. ಆ ಕಪ್ಪಿ ಜೋಡಿ ಮಾತಾಡ್ತಿದ್ದೆ. ಒಂದಿನ ಅದು ಸತ್ತು ಹೋತು ಅಂದಿ. ನಾ ಎರಡ ದಿನ ಉಂಡಿದ್ದಿಲ್ಲ."

ಅತ್ತೆಯ ಕೈ ಪಲ್ಲೆಯ ಮೇಲೆ ನಿಂತುಬಿಟ್ಟಿತು. ಗಡಿಗೆ ಒಡೆದ ದಿನ ಅದು ಎಂದು ಅವರಿಗೂ ಗೊತ್ತಾಯಿತು, ಇವರಿಗೂ ಗೊತ್ತಾಯಿತು, ಅಡಿಗೆಮನೆಯಲ್ಲಿ ನಿಂತ ನನಗೂ ಗೊತ್ತಾಯಿತು. ಆಗ ಅತ್ತೆ ಅತ್ತರು. ನಾಲ್ಕು ದಿನ ಅಳದಿದ್ದವರು ಇಲ್ಲದ ಕಪ್ಪೆಗಾಗಿ ಅತ್ತರು. ಗಂಡ ಸಮಾಧಾನ ಮಾಡಲಿಲ್ಲ. ಒಂದು ಕಟ್ಟು ಬಿಚ್ಚಿ, ಬೇರು ಕಿತ್ತು, ತಾವೂ ಸೋಸತೊಡಗಿದರು.

ಕ್ಷಮಿಸಿದರೇ? ನನಗೆ ಗೊತ್ತಿಲ್ಲ. ಕೇಳಿಲ್ಲ. ಅವ್ವ ಎಂದು ಕರೆಯುತ್ತಿದ್ದಾರೆ. ನಡುವೆ ಒಮ್ಮೊಮ್ಮೆ ಸುಮ್ಮನೆ ಅವರ ಮುಖ ನೋಡುತ್ತ ಕೂರುತ್ತಾರೆ, ಹೊಸದಾಗಿ ಪರಿಚಯವಾದವರನ್ನು ನೋಡುವ ಹಾಗೆ.

ದೂರಿನ ಪತ್ರ ಶುಕ್ರವಾರ ಹೋಯಿತು. ಈಗ ಅದು ಅರ್ಧ ಪುಟ. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ, ಹಾಡಿನ ಸದ್ದು ಕಡಿಮೆ ಮಾಡಿ, ಇಷ್ಟೇ. ಇಂಥ ದಂಧೆ ಮಾಡುವವರು ಎಂಥ ಜನ ಎಂದು ಬರೆದಿದ್ದ ಎರಡು ಪುಟ ಹರಿದು ಕಸದ ಬುಟ್ಟಿಯಲ್ಲಿತ್ತು. ಜೋಶಿಕಾಕಾ ಸಹಿ ಹಾಕಿದರು.

ಋತುಜಾಳ ಮೆಸೇಜ್ ಕೂಡ ಬಂತು. ಹೊಸ ಬ್ಯಾಚು ಹಾಕಿದ್ದಾಳಂತೆ, ಅಜ್ಜಿ ಒಮ್ಮೆ ಬಂದು ರುಚಿ ನೋಡಬಹುದೇ ಎಂದು ಕೇಳಿದ್ದಾಳೆ. ಅತ್ತೆಗೆ ಓದಿ ಹೇಳಿದೆ. "ನಾ ಬರಂಗಿಲ್ಲ. ತಿರುಳು ಸಣ್ಣ ಅರಿವಿಯೊಳಗ ಸೋಸು ಅಂತ ಬರಿ ಅಕಿಗಿ" ಎಂದರು. ಹಾಗೆಯೇ ಬರೆದೆ.

ನಿನ್ನೆ ಈ ಅಂಕಣ ಬರೆಯಲು ಕೂರುವ ಮುಂಚೆ ಅವರನ್ನೂ ಗಂಡನನ್ನೂ ಕೇಳಿದೆ, ಬರೆಯಲೇ ಎಂದು. ಗಂಡ ಅವ್ವನ ಮುಖ ನೋಡಿದರು. ಅತ್ತೆ ಹೇಳಿದರು, "ಬರಿ. ಇನ್ನ ಯಾರಿಗಿ ಮುಚ್ಚಿಡಲಿ?" ಆಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಅತ್ತೀ, ಇಷ್ಟು ವರ್ಷ ಯಾಕ ಹೇಳಲಿಲ್ಲರಿ?"

"ಯಾರು ಕೇಳಿದ್ರು?" ಎಂದರು.

ನಿಮ್ಮ ಮನೆಯಲ್ಲೂ ಹಿರಿಯರೊಬ್ಬರು ಇದ್ದಾರಲ್ಲ, ಮಾತ್ರೆ ತಗೊಂಡಿರಾ ಎನ್ನುವುದನ್ನು ಬಿಟ್ಟು ಅವರನ್ನು ಕೊನೆಯ ಸಲ ಏನು ಕೇಳಿದಿರಿ?